ಭಾವನ ಬುಷ್ ಪುರಾಣ

ನಿವೃತ್ತರಾದ ಮೇಷ್ಟ್ರುಗಳು ನಮ್ಮ ಕಡೆ ಸಾಮಾನ್ಯವಾಗಿ ವಿಮಾ ಏಜೆಂಟರಾಗುತ್ತಾರೆ, ಇಲ್ಲವೇ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಬೀಳುತ್ತಾರೆ. ಎರಡೂ ಆಗಿಬರದವರು ಕವನ ಸಂಕಲನ ತರುತ್ತಾರೆ. ತಳಕಿನಲ್ಲಿ ಈ ಕೊನೆಯ ಅಪಾಯ ಉಳಿದ ಊರುಗಳಿಗಿಂತ ಒಂದು ತೂಕ ಜಾಸ್ತಿಯೇ. ವೆಂಕಣ್ಣಯ್ಯನವರ ಊರು ಇದು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ್ದು ಅವರಿಗೆ. ತ.ರಾ.ಸು. ಹೆಸರಿನ ಮೊದಲ ಅಕ್ಷರವೂ ಈ ಊರಿನದೇ. ಅಷ್ಟು ಭಾರ ತಲೆ ಮೇಲಿರುವಾಗ, ಪೆನ್ಷನ್ ಕಾಗದ ಕೈಗೆ ಬಂದ ಮಾರನೇ ದಿನ ಯಾರಾದರೂ ಪೆನ್ನು ಕೊಂಡುಕೊಂಡರೆ ತಪ್ಪು ಹೇಳುವಂತಿಲ್ಲ. ನಮ್ಮ ಭಾವ ಗಣಿತದ ಮೇಷ್ಟ್ರು. ಅವರೂ ಏನೋ ಒಂದು ಕೃತಿ ತಂದಾರೆಂದು ಊರು ಕಾದಿತ್ತು. ಅವರು ಲೇತು ತಂದರು.

ಅದು ಬಂದ ದಿನ ಊರಿನ ಅರ್ಧ ಜನ ಅಲ್ಲಿದ್ದರು. ಲೇತು ಅಂದರೆ ನಮ್ಮವರ ಕಣ್ಣಲ್ಲಿರುವುದು ಚಳ್ಳಕೆರೆಯ ವರ್ಕ್‌ಶಾಪುಗಳ ಲೇತು. ಎಣ್ಣೆ ಮಿಲ್ಲುಗಳ ಊರಿಗೆ ಲೇತಿಲ್ಲದೆ ನಡೆಯುವುದಿಲ್ಲ ನೋಡಿ. ಶೇಂಗಾ ಹಿಂಡುವ ಎಕ್ಸ್‌ಪೆಲ್ಲರಿನ ತಿರುಪು ಸವೆದರೆ ವೆಲ್ಡಿಂಗಿನಲ್ಲಿ ಮೈ ತುಂಬಿಸಿ ಮತ್ತೆ ಕಡೆಯಬೇಕು. ಅಲ್ಲಿರುವ ಹಳೇ ಯಂತ್ರಗಳ ಪೈಕಿ ಹರಿಹರದ ಮೈಸೂರು ಕಿರ್ಲೋಸ್ಕರ್‌ದೊಂದಾದರೂ ಇದ್ದೇ ಇರುತ್ತದೆ. 1941ರಲ್ಲಿ ಶುರುವಾದ ಆ ಕಾರ್ಖಾನೆ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ಲೇತುಗಳು ಮಾತ್ರ ಸುದ್ದಿ ತಿಳಿಯದೆ ಇನ್ನೂ ತಿರುಗುತ್ತಿವೆ. ಹರಿಹರ ಆಗ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ದಾವಣಗೆರೆ ಬೇರೆ ಮನೆ ಮಾಡಿದಾಗ ಹರಿಹರವನ್ನೂ ಪಾಲಿಗೆ ತೆಗೆದುಕೊಂಡು ಹೋಯಿತು. ಆ ಸಂಕಟ ಭಾವನಿಗೆ ಇನ್ನೂ ಹೋಗಿಲ್ಲ.

ಅಂಥ ಟನ್ನುಗಟ್ಟಲೆ ತೂಗುವ ಯಂತ್ರ ಕಂಡವರ ಮುಂದೆ, ಇಬ್ಬರು ಹುಡುಗರು ಆಟೋದಿಂದ ಕೈಯಲ್ಲೇ ಎತ್ತಿಳಿಸಿದ ಈ ನಲವತ್ತು ಕೆ.ಜಿ.ಯ ವಸ್ತು ಕಂಡಿತು. ಮನೆಯ ಸಾಧಾರಣ ಪ್ಲಗ್ಗಿಗೆ ಚುಚ್ಚಿದರೆ ಸಾಕು, ತಿರುಗುತ್ತದೆ. ಅದರ ಬಾಯಿಗೆ ಹಿಡಿಸುವುದು 180 ಮಿ.ಮೀ. ಅಡ್ಡಳತೆಯ ಸಾಮಾನು, ಉದ್ದ 350 ಮಿ.ಮೀ. ಚಳ್ಳಕೆರೆಯಿಂದ ಕುತೂಹಲಕ್ಕೆಂದೇ ಬಂದಿದ್ದ ಹಳೇ ಟರ್ನರ್ ಒಬ್ಬರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಸಾರ್, ಇದ್ರಾಗೆ ಬಳೆ ಮಾಡ್ತೀರೋ, ಬುಗುರಿನೋ?’ ಅಂದರು. ಭಾವ ಉತ್ತರ ಕೊಡಲಿಲ್ಲ. ಹಸು ಮಾರಿದ ಮೇಲೆ ಖಾಲಿಯಿದ್ದ ಕೊಟ್ಟಿಗೆಯಲ್ಲಿ ಚಪ್ಪಡಿ ಕಲ್ಲಿನ ಕಟ್ಟೆ ಕಟ್ಟಿ, ನಾಲ್ಕು ಬೋಲ್ಟು ಬಿಗಿದು ಅದನ್ನು ಪ್ರತಿಷ್ಠಾಪಿಸಿದರು. ಅಕ್ಕ ಅರಿಶಿನ ಕುಂಕುಮ ಹಚ್ಚಿದಳು. ಅವಳು ಅದಕ್ಕೆ ತೋರಿಸಿದ ಕಡೆಯ ಗೌರವ ಅದು.

ಲೇತು ತಂದದ್ದು ಯಾಕೆ ಅಂದರೆ ಯೆಜ್ಡಿಗೆ. ಭಾವನ ಹತ್ತಿರ ಒಂದು ಹಳೇ ಯೆಜ್ಡಿ 250 ಇದೆ. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ್ದು, ಐಡಿಯಲ್ ಜಾವಾ ಕಂಪನಿಯ ಸಂತಾನ. ಜೆಕೊಸ್ಲೊವಾಕಿಯಾದ ಜಾವಾವನ್ನು 1961ರಿಂದ ಮೈಸೂರಿನಲ್ಲಿ ಮಾಡತೊಡಗಿ, ಎಪ್ಪತ್ತರ ದಶಕದಲ್ಲಿ ಅದಕ್ಕೆ ಯೆಜ್ಡಿ ಅಂತ ಹೊಸ ನಾಮಕರಣ ಮಾಡಿ, 1996ರಲ್ಲಿ ಕಾರ್ಖಾನೆಯನ್ನೇ ಮುಚ್ಚಿದರು. ಈ ಗಾಡಿಯ ವಿಚಿತ್ರ ಗೊತ್ತಿಲ್ಲದವರಿಗೆ ಹೇಳಬೇಕು. ಒಂದೇ ಸಿಲಿಂಡರು, ಸೈಲೆನ್ಸರು ಎರಡು. ಕಿಕ್ಕರೂ ಗೇರೂ ಒಂದೇ ಸರಳು: ಒಳಗೆ ಒತ್ತಿ ಮೇಲಕ್ಕೆ ತಿರುವಿದರೆ ಕಿಕ್ಕರ್, ಬಿಟ್ಟರೆ ಗೇರು. ಹೊಸಬರು ಕದ್ದೊಯ್ಯಲು ಬಂದರೆ ಸ್ಟಾರ್ಟ್ ಮಾಡುವುದು ಹೇಗೆಂದು ಮಾಲೀಕರನ್ನೇ ಎಬ್ಬಿಸಿ ಕೇಳಬೇಕು. ನಮ್ಮ ಹಳ್ಳಿಗಳಲ್ಲಿ ಅದರ ಹ್ಯಾಂಡಲಿಗೆ ಹಾಲಿನ ಕ್ಯಾನು, ಹಿಂದೆ ಎರಡು ಚೀಲ ಶೇಂಗಾ, ಅದರ ಮೇಲೊಬ್ಬ ಮನುಷ್ಯ, ಇಷ್ಟು ಹೇರಿದರೂ ದೂರದಿಂದಲೇ ಡುಗುಡುಗು ಅನ್ನುತ್ತಾ ಬರುತ್ತಿತ್ತು. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಆಯಿಲ್ ಕುಡಿದು ಅದಕ್ಕೆ ತಕ್ಕ ಹೊಗೆ ಬಿಡುವ ಈ ಪ್ರಾಣಿಗೆ ಸಾವಿಲ್ಲ ಅಂತ ಭಾವನ ನಂಬಿಕೆ. ಸಾವಿಲ್ಲ ನಿಜ, ಸವಕಳಿ ಉಂಟು. ಕಾರ್ಖಾನೆ ಮುಚ್ಚಿದ ಮೇಲೆ ಅಸಲಿ ಸ್ಪೇರು ಸಿಗುವುದು ಪುಣ್ಯವಂತರಿಗೆ ಮಾತ್ರ. ಪೇಟೆಯಲ್ಲಿ ಸಿಗುವುದನ್ನು ಹಾಕಿದರೆ ಒಂದು ಸಡಿಲ, ಇಲ್ಲ ಒಳಗೇ ಹೋಗುವುದಿಲ್ಲ.

ನಮ್ಮ ಸೀಮೆ ಮಣ್ಣಂತೂ ಸವೆಸುವುದಕ್ಕೇ ಹುಟ್ಟಿದ್ದು. ಮಳೆಗಿಂತ ಧೂಳು ಹೆಚ್ಚು ಬೀಳುವ ತಾಲ್ಲೂಕು. ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಒಂದು ಪಿನ್ನಿನ ಮೇಲೆ ಆಡುತ್ತದೆ, ಆ ಪಿನ್ನಿಗೆ ಎರಡೂ ಬದಿ ಬುಷ್. ಗ್ರೀಸು ಹಾಕದಿದ್ದರೆ ಲೋಹ ಲೋಹವನ್ನು ತಿನ್ನುತ್ತದೆ. ಹಾಕಿದರೆ ಗ್ರೀಸಿಗೆ ಧೂಳು ಅಂಟಿ, ಅದೇ ಸಾಣೆ ಹಿಡಿಯುವ ಲೇಪವಾಗುತ್ತದೆ. ಭಾರವೆಲ್ಲ ಒಂದೇ ಕಡೆ ಒತ್ತುವುದರಿಂದ ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಗ ಗಾಡಿಯ ಮುಂಭಾಗ ಚಳ್ಳಕೆರೆಗೆ ಹೊರಟರೆ ಹಿಂಭಾಗ ಮೊಳಕಾಲ್ಮೂರಿನ ಕಡೆ ವಾಲುತ್ತದೆ. ಬಳ್ಳಾರಿ ರಸ್ತೆಯಲ್ಲಿ ಲಾರಿ ಪಕ್ಕ ಹಾದಾಗ ಹಿಂದೆ ಕೂತವನಿಗೆ ಕಾಣುವ ದೇವರುಗಳನ್ನು ನಾನು ಬಲ್ಲೆ, ಹಿಂದೆ ಕೂರುತ್ತಿದ್ದವನು ನಾನೇ.

ತಮಾಷೆ ಅಂದರೆ, ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದವರು ರೆಕ್ಕೆಯಿರುವ ಒಂದು ಬಾಹ್ಯಾಕಾಶ ವಾಹನವನ್ನು ಹೆಲಿಕಾಪ್ಟರಿಗೆ ಕಟ್ಟಿ, ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೈಬಿಟ್ಟರು. ಯಾರೂ ಹಿಡಿಯದೆ, ಯಾರೂ ನಡೆಸದೆ, ಅದು ತಾನೇ ದಾರಿ ಹುಡುಕಿ ಬಂದು ರನ್‌ವೇ ಮೇಲೆ ನೆಟ್ಟಗೆ ಇಳಿಯಿತು. ಇಳಿಯುವಾಗ ಗಂಟೆಗೆ 350 ಕಿ.ಮೀ. ವೇಗ. ನಮ್ಮ ಭಾವ ಹ್ಯಾಂಡಲನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದರೂ ನಲವತ್ತರ ವೇಗದಲ್ಲಿ ನೆಟ್ಟಗೆ ಹೋಗಲಾಗುತ್ತಿರಲಿಲ್ಲ. ಈ ಅವಮಾನವೇ ಲೇತು ತರಿಸಿತು ಅಂತ ನನ್ನ ಸಂಶೋಧನೆ. ಅವರು ಒಪ್ಪುವುದಿಲ್ಲ, ಸ್ಪೇರ್ ಪಾರ್ಟಿನ ಖರ್ಚು ಉಳಿಸುವುದಕ್ಕೆ ಅನ್ನುತ್ತಾರೆ. ಉಳಿತಾಯದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬುಷ್ ಅಂದರೆ ಏನು ಮಹಾ, ಒಂದು ಲೋಹದ ಬಳೆ ತಾನೇ ಅಂತ ನಾನೂ ಅಂದುಕೊಂಡಿದ್ದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಗನ್‌ಮೆಟಲ್ ರಾಡು ತೂಕಕ್ಕೆ ತಂದರು. ನೂರಕ್ಕೆ 88 ತಾಮ್ರ, 10 ತವರ, 2 ಸತು, ಹಿಂದೆ ತೋಪು ಎರಕ ಹೊಯ್ಯುತ್ತಿದ್ದ ಪಾಕ ಇದು. ಮೊದಲು ಮುಖ ಸಮ ಮಾಡಬೇಕು, ನಡುವೆ ಗುರುತು ತೋಡಬೇಕು, ಡ್ರಿಲ್ ಹಾಕಬೇಕು, ಬೋರಿಂಗ್ ಬಾರ್ ಒಳಗೆ ಬಿಟ್ಟು ತೂತನ್ನು ನಿಧಾನಕ್ಕೆ ಹಿಗ್ಗಿಸಬೇಕು, ಹೊರಮೈ ಕಡೆಯಬೇಕು. ಇಷ್ಟರವರೆಗೆ ಭಾವನ ಮುಖದಲ್ಲಿ ನಗು ಇರುತ್ತದೆ. ಕಡೆಗೆ ರಾಡಿನಿಂದ ಬುಷ್ಷನ್ನು ಕತ್ತರಿಸಿ ಬಿಡಿಸುವ ಘಟ್ಟ ಬಂತೆನ್ನಿ, ಆಗ ಸಣ್ಣ ಲೇತಿನ ಬಡತನ ಬಯಲಾಗುತ್ತದೆ. ಮೈಯಲ್ಲಿ ಕಸುವಿಲ್ಲದ ಯಂತ್ರ ನಡುಗುತ್ತದೆ, ಉಳಿ ನಡುಗುತ್ತದೆ, ಕಿರ್ರೋ ಅನ್ನುವ ಸದ್ದಿಗೆ ಬಸ್ ಸ್ಟ್ಯಾಂಡಿನ ನಾಯಿಗಳು ಎದ್ದು ಕೂರುತ್ತವೆ. ಚಳ್ಳಕೆರೆಯ ಟರ್ನರ್ ಸಿಗರೇಟು ಸೇದುತ್ತಾ ಮಾಡುವ ಕೆಲಸವನ್ನು ಭಾವ ಉಸಿರು ಹಿಡಿದು ಮಾಡುತ್ತಾರೆ.

ಅಳತೆಯ ಕಥೆ ಇನ್ನೂ ಸೊಗಸು. ಸ್ವಿಂಗ್ ಆರ್ಮಿನ ತೂತಿಗಿಂತ ಬುಷ್ಷಿನ ಹೊರಮೈ 0.03 ಮಿ.ಮೀ. ದಪ್ಪ ಇರಬೇಕು, ಆಗ ಒತ್ತಿ ಕೂರಿಸಿದರೆ ಅಲ್ಲಾಡುವುದಿಲ್ಲ. ತಲೆಗೂದಲಿನ ದಪ್ಪದ ಅರ್ಧ ಕೂಡ ಇಲ್ಲ ಇದು. ಕಡೆಯುವಾಗ ಲೋಹ ಕಾಯುತ್ತದೆ, ಕಾದರೆ ಹಿಗ್ಗುತ್ತದೆ, ಬಿಸಿಯಲ್ಲಿ ಅಳೆದರೆ ದಪ್ಪ ತೋರಿಸಿ ತಣ್ಣಗಾದ ಮೇಲೆ ಮೋಸ ಮಾಡುತ್ತದೆ. ಅದಕ್ಕೇ ಜಗತ್ತಿನ ಅಳತೆಗಾರರೆಲ್ಲ ಸೇರಿ 1931ರಲ್ಲಿ ಒಂದು ಒಪ್ಪಂದಕ್ಕೆ ಬಂದಿದ್ದಾರೆ: ಯಾವ ವಸ್ತುವಿನ ಅಳತೆಯಾದರೂ 20 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗಿನದ್ದು ಅಂತ. ಆ ಸಭೆಯಲ್ಲಿ ತಳಕಿನವರು ಯಾರೂ ಇರಲಿಲ್ಲ ಅನ್ನುವುದು ಸ್ಪಷ್ಟ. ಇಲ್ಲಿ 20 ಡಿಗ್ರಿ ಅನ್ನುವುದು ಡಿಸೆಂಬರಿನ ಬೆಳಗಿನ ಜಾವ ಬಂದು, ಕೋಳಿ ಕೂಗಿದ ಸ್ವಲ್ಪ ಹೊತ್ತಿಗೆ ಹೊರಟುಹೋಗುವ ನೆಂಟ. ಭಾವ ಆ ಹೊತ್ತಿಗೆ ಎದ್ದು, ಮಂಕಿ ಕ್ಯಾಪ್ ಹಾಕಿ, ಮೈಕ್ರೋಮೀಟರ್ ಹಿಡಿದು ಕೊಟ್ಟಿಗೆಗೆ ಹೋಗುವುದನ್ನು ಕಂಡ ಹಾಲಿನವನು ಹಸು ವಾಪಸು ಬಂದಿದೆಯೆಂದು ಊರಿಗೆಲ್ಲ ಸಾರಿದ.

ಬೇಸಿಗೆಯಲ್ಲಿ ಬುಷ್ ಕೂರಿಸುವುದಕ್ಕೆ ಅವರು ಬೇರೆ ಉಪಾಯ ಕಂಡುಕೊಂಡರು. ಬುಷ್ಷನ್ನು ಫ್ರೀಜರಿನಲ್ಲಿಟ್ಟರೆ ಕುಗ್ಗುತ್ತದೆ. 25 ಮಿ.ಮೀ. ಬುಷ್ ಏಪ್ರಿಲ್ಲಿನ 40 ಡಿಗ್ರಿಯಿಂದ ಫ್ರೀಜರಿನ ಚಳಿಗೆ ಹೋದರೆ ಸುಮಾರು 0.025 ಮಿ.ಮೀ. ಕಿರಿದಾಗುತ್ತದೆ. ಬೋರ್ಡಿಲ್ಲದಿದ್ದರೂ ಭಾವ ಕೊಟ್ಟಿಗೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಈ ಲೆಕ್ಕವನ್ನು ಮಾಡಿ ತೋರಿಸಿದರು. ಸ್ವಿಂಗ್ ಆರ್ಮನ್ನು ಬಿಸಿಲಿಗಿಟ್ಟರು, ಅದೊಂದಕ್ಕೆ ನಮ್ಮೂರಲ್ಲಿ ಬರವಿಲ್ಲ. ಫ್ರೀಜರಿನಿಂದ ಬುಷ್ ತೆಗೆದು ಓಡಿ ಬಂದು ಇಟ್ಟರೆ, ಹೆಬ್ಬೆರಳಲ್ಲಿ ಒತ್ತಿದರೂ ಸರಕ್ಕನೆ ಹೋಗಿ ಕೂತಿತು. ನಾನು ಚಪ್ಪಾಳೆ ತಟ್ಟಿದೆ. ಅಕ್ಕ ತಟ್ಟಲಿಲ್ಲ. ಮೊಮ್ಮಗನಿಗೆ ಐಸು ಕೊಡಲು ಹೋಗಿ ಬಟ್ಟಲಿನಲ್ಲಿ ಇನ್ನೊಂದು ಬುಷ್ ಸಿಕ್ಕಿತ್ತು.

ಅಕ್ಕನ ದೂರುಗಳನ್ನು ಬರೆದರೆ ಇದಕ್ಕಿಂತ ಉದ್ದದ ಹರಟೆಯಾಗುತ್ತದೆ. ಪಂಚೆ ಉಟ್ಟು ಲೇತಿನ ಮುಂದೆ ನಿಲ್ಲುತ್ತಿದ್ದ ಭಾವನನ್ನು ಮೊದಲ ವಾರವೇ ಅವಳು ಒಳಗೆಳೆದು ಪ್ಯಾಂಟು ತೊಡಿಸಿದಳು. ಇದರಲ್ಲಿ ನಾನು ಪೂರ್ತಿ ಅವಳ ಪಕ್ಷ. ಸಾಮಾನನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿಗೆ ಪಂಚೆಯ ಅಂಚು, ಅಂಗಿಯ ತೋಳು, ಕೊರಳ ಟವಲ್ಲು ಯಾವುದು ಸಿಕ್ಕಿದರೂ ಮನುಷ್ಯನನ್ನೂ ಜೊತೆಗೆ ಸುತ್ತಿಕೊಳ್ಳುತ್ತದೆ. ಚಕ್ಕಿನ ಕೀಲಿಯನ್ನು ಅದರಲ್ಲೇ ಬಿಟ್ಟು ಸ್ವಿಚ್ ಒತ್ತಿದರೆ ಕೀಲಿ ಗುಂಡಿನ ವೇಗದಲ್ಲಿ ಯಾವ ಕಡೆಗಾದರೂ ಹಾರುತ್ತದೆ. ಇನ್ನು ಕಡೆದ ಚೂರುಗಳು. ಕಬ್ಬಿಣದ್ದು ಸುರುಳಿ ಸುರುಳಿಯಾಗಿ ಬರುತ್ತದೆ, ಅಯಸ್ಕಾಂತ ಆಡಿಸಿದರೆ ಎದ್ದು ಬರುತ್ತದೆ. ಗನ್‌ಮೆಟಲ್ಲಿನದು ಸೂಜಿಮೊನೆಯ ಪುಡಿ, ಅಯಸ್ಕಾಂತಕ್ಕೆ ಕ್ಯಾರೇ ಅನ್ನುವುದಿಲ್ಲ. ಅಂಗಳಕ್ಕೆ, ನಡುಮನೆಗೆ, ಹಾಸಿಗೆಗೆ ಅದು ನಡೆದುಕೊಂಡೇ ಬರುತ್ತದೆ. ‘ನಿಮ್ಮ ಭಾವನ ಸಂಶೋಧನೆ ನನ್ನ ಅಂಗಾಲಿಗೆ ಬಂದು ಮುಗಿತೈತೆ’ ಅಂತ ಅಕ್ಕ ಪಿನ್ನು ಹಿಡಿದು ಕೂರುತ್ತಾಳೆ.

ಸಣ್ಣ ಲೇತಿಗೆ ಆಗದ ಕೆಲಸಗಳ ಪಟ್ಟಿ ದೊಡ್ಡದಿದೆ. ಯೆಜ್ಡಿಯ ಬ್ರೇಕ್ ಡ್ರಮ್ಮು ಒಳಗೆ ಗೀಚಿ ವಕ್ರವಾದರೆ ಒಂದು ಪದರ ಕಡೆದು ದುಂಡಗೆ ಮಾಡಬಹುದು, ಆದರೆ ಕಡ್ಡಿ, ರಿಮ್ಮು ಸಮೇತ ಗಾಲಿ ಈ ಲೇತಿನ ಬಾಯಿಗೆ ಎಲ್ಲಿ ಹಿಡಿಸೀತು? ಅದಕ್ಕೆ ಚಳ್ಳಕೆರೆಗೇ ಹೋಗಬೇಕು, ಬಳೆ-ಬುಗುರಿ ಕೇಳಿದ್ದ ಅದೇ ಟರ್ನರಿನ ಹತ್ತಿರ. ಹೋಗುವಾಗ ಭಾವ ಬೇರೆ ಯಾವುದೋ ಕೆಲಸಕ್ಕೆ ಬಂದವರ ಮುಖ ಮಾಡಿಕೊಳ್ಳುತ್ತಾರೆ. ಸಿಲಿಂಡರು ಸವೆದರೆ ಅದನ್ನು ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸುವುದು ಕ್ರಮ. ಅಸಲು 65 ಮಿ.ಮೀ. ಇದ್ದದ್ದು ಕಾಲು ಕಾಲು ಮಿ.ಮೀ. ಲೆಕ್ಕದಲ್ಲಿ ಹಿಗ್ಗುತ್ತಾ, ಮೂರ್ನಾಲ್ಕು ರೀಬೋರ್ ಆದ ಮೇಲೆ ಇನ್ನು ಗೋಡೆಯಲ್ಲಿ ದಪ್ಪವಿಲ್ಲ ಅಂತ ನಿಲ್ಲಿಸಬೇಕು. ಭಾವನ ಹೊಟ್ಟೆಯದೂ ಇದೇ ಚರಿತ್ರೆ: ಮದುವೆಯಾದ ವರ್ಷ ಮೊದಲ ರೀಬೋರು, ಹೆಡ್‌ಮಾಸ್ಟರ್ ಆದಾಗ ಎರಡನೆಯದು, ಈಗ ಪಿಸ್ಟನ್ನೇ ಸಿಗುತ್ತಿಲ್ಲ.

ಒಂದು ಸಂಜೆ ನೋಡುತ್ತೇನೆ, ಅಕ್ಷರದ ಪಂಚುಗಳನ್ನು ಸುತ್ತಿಗೆಯಲ್ಲಿ ಹೊಡೆದು ಬುಷ್ಷಿನ ಹೊರಮೈ ಮೇಲೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಮೂಡಿಸುತ್ತಿದ್ದಾರೆ. ‘ಭಾವ, ಅದು ಒಳಗೆ ಹೋಗಿ ಕೂತ್ಮೇಲೆ ಯಾರಿಗೆ ಕಾಣ್ತೈತೆ?’ ಅಂದೆ. ‘ಬ್ರಹ್ಮಗಿರಿಗೆ ಹೋಗಿದೀಯಾ?’ ಅಂತ ತಿರುಗಿ ಕೇಳಿದರು. ಬ್ರಹ್ಮಗಿರಿ ಇರುವುದು ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ನಮ್ಮ ಕಡೆಯವರಿಗೆ ಈ ಪ್ರಶ್ನೆ ಕೇಳಬಾರದು, ಸ್ಕೂಲಿನಿಂದ ಎಲ್ಲರನ್ನೂ ಒಮ್ಮೆ ಕರೆದೊಯ್ದು ಬಿಸಿಲಲ್ಲಿ ನಿಲ್ಲಿಸಿರುತ್ತಾರೆ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಬರೆದವನು ಚಪಡ. ರಾಜನ ಮಾತನ್ನೆಲ್ಲ ಬ್ರಾಹ್ಮಿಯಲ್ಲಿ ಕೊರೆದು, ಕೊನೆಗೆ ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದ. ವಾಯವ್ಯ ಗಡಿಯ ಕಡೆಯ ಲಿಪಿ ಅದು, ಬಲದಿಂದ ಎಡಕ್ಕೆ ಓದಬೇಕು. ಈ ಸೀಮೆಯಲ್ಲಿ ಓದುವವರು ಯಾರಿದ್ದರು? ‘ಅವನು ಯಾರಿಗೆ ಕಾಣಲಿ ಅಂತ ಬರೆದ?’ ಅಂದರು ಭಾವ. ನನ್ನ ಬಾಯಿ ಮುಚ್ಚಿತು.

ಆದರೆ ಚಪಡನಿಗಿಲ್ಲದ ಒಂದು ತೊಡಕು ಭಾವನಿಗಿತ್ತು. ಪಂಚು ಹೊಡೆದಾಗ ಅಕ್ಷರದ ಅಂಚಿನ ಲೋಹ ಉಬ್ಬುತ್ತದೆ. ಕೂದಲೆಳೆಯಷ್ಟು ಹೆಚ್ಚು ಕಡೆದು ಸಡಿಲವಾಗಿದ್ದ ಬುಷ್ಷು, ಹೆಸರು ಬಿದ್ದ ಮೇಲೆ ಗಟ್ಟಿಯಾಗಿ ಕೂತಿತು. ಸಡಿಲ ಬುಷ್ಷಿಗೆ ಸುತ್ತಲೂ ಪಂಚು ಹೊಡೆದು ಬಿಗಿ ಮಾಡಿ ಗಿರಾಕಿಯನ್ನು ಸಾಗಹಾಕುವುದು ರಸ್ತೆ ಬದಿಯ ಗ್ಯಾರೇಜಿನ ಹಳೇ ವಿದ್ಯೆ. ಅದನ್ನು ಕಂಡರೆ ಭಾವ ಕೆಂಡವಾಗುತ್ತಿದ್ದರು, ಮೋಸ ಅನ್ನುತ್ತಿದ್ದರು. ಈಗ ಅವರದು ಸಹಿ.

ಊರಿನವರು ತಮಾಷೆ ಮಾಡುತ್ತಲೇ ಸಾಮಾನು ತರತೊಡಗಿದರು. ಶೇಂಗಾ ಸುಲಿಯುವ ಮೆಷಿನ್ನಿನ ಪುಲ್ಲಿ, ಹೊಲಿಗೆ ಯಂತ್ರದ ಪಿನ್ನು, ಮೊಳಕಾಲ್ಮೂರಿನ ನೇಕಾರ ನೆಂಟರೊಬ್ಬರು ರೇಷ್ಮೆ ನೂಲು ಸುತ್ತುವ ಯಂತ್ರದ ಸವೆದ ದಂಡ. ಭಾವ ಎಲ್ಲರಿಗೂ ಹೊಯ್ಸಳರಿಂದ ಶುರು ಮಾಡುತ್ತಾರೆ: ಬೇಲೂರಿನಲ್ಲಿ 1117ರಲ್ಲೇ ಕಲ್ಲಿನ ಕಂಬವನ್ನು ತಿರುಗಿಸಿ ಕಡೆದವರು ನಾವು, ಚನ್ನಪಟ್ಟಣದಲ್ಲಿ ಇವತ್ತಿಗೂ ಮರ ತಿರುಗಿಸಿ ಬೊಂಬೆ ಮಾಡುವವರು ನಾವು, ಇತ್ಯಾದಿ. ಆ ನಾವುವಿನಲ್ಲಿ ಭಾವ ಯಾವ ಕಡೆಯಿಂದ ಸೇರುತ್ತಾರೋ ನನಗೆ ತಿಳಿಯದು. ಪುಲ್ಲಿ ತಂದ ರೈತ ಮಾತ್ರ ಕರೆಂಟು ಹೋಗುವುದರೊಳಗೆ ಕೆಲಸ ಮುಗಿದರೆ ಸಾಕೆಂದು ತಲೆಯಾಡಿಸುತ್ತಾ ಕೂರುತ್ತಾನೆ.

ಒಬ್ಬ ಹುಡುಗ ಅಜ್ಜನ ಕಾಲದ ಬುಲೆಟ್ಟಿನ ಒಂದು ಸ್ಟಡ್ಡು ತಂದಾಗ ಮಾತ್ರ ಭಾವ ಬೆವರಿದರು. ಯೆಜ್ಡಿ ಮೆಟ್ರಿಕ್ ಸಂಸಾರ, ಅದರ ಥ್ರೆಡ್ಡಿನ ಕೋನ 60 ಡಿಗ್ರಿ. ಹಳೇ ಬುಲೆಟ್ಟು ಬ್ರಿಟಿಷರ ವಂಶ, ಅದರಲ್ಲಿ ಅಂಗುಲದ ಲೆಕ್ಕದ ಥ್ರೆಡ್ಡುಗಳು, ಕೆಲವಕ್ಕೆ 55 ಡಿಗ್ರಿಯ ಕೋನ. ಮೆಟ್ರಿಕ್ ಲೇತಿನಲ್ಲಿ ಅಂಗುಲದ ಥ್ರೆಡ್ಡು ಕಡೆಯಬೇಕಾದರೆ 127 ಹಲ್ಲಿನ ಗೇರು ಬೇಕು, ಯಾಕೆಂದರೆ ಐದು ಅಂಗುಲಕ್ಕೆ ಸರಿಯಾಗಿ 127 ಮಿ.ಮೀ. ಅಂಥ ಗೇರು ಈ ಲೇತಿನ ಪೆಟ್ಟಿಗೆಯಲ್ಲಿರಲಿಲ್ಲ, ಇದ್ದಿದ್ದರೂ ಒಳಗೆ ಜಾಗವಿರಲಿಲ್ಲ. ಹುಡುಗನನ್ನು ನಾಳೆ ಬಾ ಅಂತ ಕಳಿಸಿ, ಊಟ ಬಿಟ್ಟು, ರಾತ್ರಿಯೆಲ್ಲ ಹಲ್ಲು ಎಣಿಸಿದರು. 80 ಹಲ್ಲಿನದು ಮತ್ತು 63 ಹಲ್ಲಿನದು ಜೋಡಿಸಿದರೆ ಬೇಕಾದ ಅನುಪಾತಕ್ಕೆ ಎಂಟು ಸಾವಿರದಲ್ಲಿ ಒಂದು ಪಾಲಷ್ಟೇ ವ್ಯತ್ಯಾಸ ಬರುತ್ತದೆ! ಲೇತಿನವರಿಗೆಲ್ಲ ಗೊತ್ತಿರುವ ಹಳೇ ಜೋಡಿಯೇ ಅದು, ಅವರು ಮಾತ್ರ ತಾವೇ ಕಂಡುಹಿಡಿದರು. ‘ಮೂವತ್ತು ವರ್ಷ ಮಕ್ಕಳಿಗೆ ಪೈ ಅಂದ್ರೆ 22/7 ಅಂತ ಹೇಳಿದೀನಿ, ಅದು ಇದಕ್ಕಿಂತ ಮೂರು ಪಟ್ಟು ತಪ್ಪು ಕಣೋ’ ಅಂತ ಬೆಳಿಗ್ಗೆ ಐದಕ್ಕೆ ನನ್ನನ್ನು ಎಬ್ಬಿಸಿ ಹೇಳಿದರು. ಆ ಸ್ಟಡ್ಡಿಗೆ ಅವರು ದುಡ್ಡು ಕೇಳಲಿಲ್ಲ. ಹುಡುಗನೂ ಕೊಡಲಿಲ್ಲ.

ಇಷ್ಟಾದ ಮೇಲೆ ಉಳಿತಾಯದ ಲೆಕ್ಕ. ಲೇತು, ಅದರ ಉಳಿಗಳು, ಅಳೆಯುವ ಸಾಮಾನು, ಕಲ್ಲಿನ ಕಟ್ಟೆ ಎಲ್ಲ ಕೂಡಿದರೆ ಒಂದು ಹೊಸ ಬೈಕಿನ ದುಡ್ಡು ಹೋಗಿದೆ. ಬುಷ್ಷಿಗೆ ಅಂಗಡಿಯಲ್ಲಿ ಎರಡು ಹೊತ್ತಿನ ಊಟದ ಬೆಲೆ. ಹಾಕಿದ ದುಡ್ಡು ವಾಪಸು ಬರಬೇಕಾದರೆ ತಳಕಿನ ಪ್ರತಿ ಮನೆಯಲ್ಲೂ ಒಂದು ಯೆಜ್ಡಿ ಇದ್ದು, ಅವೆಲ್ಲವೂ ಪ್ರತಿ ಯುಗಾದಿಗೆ ತಪ್ಪದೆ ಸವೆಯಬೇಕು. ಇದನ್ನು ನಾನು ಒಮ್ಮೆ ಕಾಗದದ ಮೇಲೆ ಬರೆದು ತೋರಿಸಿದೆ. ಗಣಿತದ ಮೇಷ್ಟ್ರು, ತಪ್ಪು ಹುಡುಕುತ್ತಾ ಹೋದರು, ಸಿಗಲಿಲ್ಲ. ‘ಕೂಡೋದು ಸರಿ ಐತೆ’ ಅಂತ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕಾಗದ ವಾಪಸು ಕೊಟ್ಟು, ರಾಡನ್ನು ಚಕ್ಕಿಗೆ ಬಿಗಿದರು. ಸುಖಕ್ಕೆ ಖರ್ಚು ಮಾಡುತ್ತೇನೆ ಅನ್ನುವುದಕ್ಕೆ ನಮ್ಮ ಗಂಡಸರಿಗೆ ನಾಚಿಕೆ, ಉಳಿತಾಯದ ಹೆಸರು ಹೇಳಿದರೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಇದನ್ನು ಹೇಳುವಾಗ ಒಂದು ನಿಜವನ್ನೂ ಹೇಳಬೇಕು: ಬುಷ್ ಬದಲಾದ ಮೇಲೆ ಯೆಜ್ಡಿ ನೆಟ್ಟಗೆ ಹೋಗುತ್ತಿದೆ. ಲಾರಿ ಹಾದರೂ ನನಗೆ ದೇವರು ಕಾಣುತ್ತಿಲ್ಲ.

ಇದೆಲ್ಲದರ ನಡುವೆ ಅಕ್ಕನ ದೋಸೆ ಗ್ರೈಂಡರಿನ ಗುಂಡಿನ ಬುಷ್ ಸವೆದು ಗಡಗಡ ಅನ್ನುತ್ತಿತ್ತು. ಮನೆಯಲ್ಲೇ ಲೇತಿದೆ, ಲೇತಿನ ಮುಂದೆ ಗಂಡನಿದ್ದಾನೆ, ಇನ್ನೇನು ಬೇಕು? ಗನ್‌ಮೆಟಲ್ಲು ತಿನ್ನುವ ಪದಾರ್ಥಕ್ಕೆ ಸಲ್ಲದು, ನೈಲಾನ್ ರಾಡು ಬರಬೇಕು ಅಂತ ಭಾವ ಅಂದರು. ರಾಡು ಬರುವುದರೊಳಗೆ ಬುಲೆಟ್ಟು ಬಂತು, ಶೇಂಗಾ ಮೆಷಿನ್ನು ಬಂತು, ಜಾತ್ರೆ ಬಂತು. ಅಕ್ಕ ಒಂದು ಬೆಳಿಗ್ಗೆ ಬಸ್ಸು ಹತ್ತಿ ಚಳ್ಳಕೆರೆಗೆ ಹೋಗಿ, ಬುಷ್ ತಂದು, ಸ್ಕ್ರೂಡ್ರೈವರಿನಿಂದ ತಾನೇ ಹಾಕಿ, ಅಕ್ಕಿ ನೆನೆಸಿದಳು. ಸಂಜೆ ಭಾವ ಅಡುಗೆಮನೆಗೆ ವರ್ನಿಯರ್ ತಂದು, ಗುಂಡನ್ನು ಎತ್ತಿ ಒಳಗೆ, ಹೊರಗೆ, ಅಡ್ಡ, ಉದ್ದ ಅಳೆದರು.

‘0.3 ಸಡಿಲ ಐತಲ್ಲೇ ಇದು!’

‘ಹೌದಾ? ಹಂಗಾರೆ ಅದರ ದೋಸೆ ನೀವು ತಿನ್ನಬ್ಯಾಡ್ರಿ’ ಅಂದಳು ಅಕ್ಕ.

ಭಾವ ವರ್ನಿಯರ್ ಜೇಬಿಗೆ ಹಾಕಿಕೊಂಡು ತಟ್ಟೆ ಮುಂದೆ ಕೂತರು.